ಗೋಡೆಗೆ ಬೆನ್ನು ಕೊಟ್ಟವನ ಹಾಡು

ನಮ್ಮ ಕಡೆ ಯಾರಾದರೂ ಸತ್ತರೆ ಹನ್ನೊಂದನೇ ದಿನದ ತಿಥಿಯಲ್ಲಿ, ಊಟದ ಎಲೆ ಎತ್ತಿದ ಮೇಲೆ ಭಜನೆ ಮೇಳದವರು ಕೂರುತ್ತಾರೆ. ದೇವರ ಪದಗಳೆಲ್ಲ ಮುಗಿದು ಕೊನೆಗೆ ಸತ್ತವರ ಮೇಲೆ ಒಂದು ಪದ. ಅದರಲ್ಲಿ ಅವರ ಹೆಸರು ಬರಬೇಕು, ಹೆಸರು ಬಂದ ಕಡೆ ಹೆಂಗಸರು ಅಳಬೇಕು. ಆ ಪದ ಕಟ್ಟಿಕೊಡುತ್ತಿದ್ದವನು ನಾನು. ಹೈಸ್ಕೂಲು ಓದಿದವನು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟವನು. ಮೈಕು ಅವನದು, ಹಾಡೂ ಅವನದೇ ಇರಲಿ ಎಂದು ಜನ ಬಿಟ್ಟುಕೊಟ್ಟಿದ್ದರು. ಸುತ್ತಲ ಹಳ್ಳಿಯವರು ನನ್ನನ್ನು ‘ಕವಿಗಳು’ ಎನ್ನುತ್ತಿದ್ದರು. ಅದರಲ್ಲಿ ಅರ್ಧ ಗೇಲಿ ಇತ್ತೆಂದು ಈಗ ಗೊತ್ತಾಗುತ್ತದೆ. ಆಗ ಪೂರ್ತಿ ಮರ್ಯಾದೆಯೆಂದೇ ತಿಳಿದು, ಬೇಸಿಗೆಯ ಬಿಸಿಲಿನಲ್ಲೂ ಹೆಗಲಿಗೊಂದು ಶಾಲು ಹಾಕಿಕೊಂಡು ಓಡಾಡಿದೆ.

ನನ್ನ ಬಳಿ ಇದ್ದದ್ದು ನಾಲ್ಕೇ ಪದ. ಬೆಲ್ಲದ ಅಚ್ಚಿನ ಹಾಗೆ. ವಯಸ್ಸಾದ ಯಜಮಾನರಿಗೊಂದು, ಮುತ್ತೈದೆಯಾಗಿ ಹೋದವರಿಗೊಂದು, ಮದುವೆಯಾಗದೆ ಹೋದವರಿಗೊಂದು, ಅಪಘಾತಕ್ಕೊಂದು. ಸತ್ತವರ ಹೆಸರು ತಾಳಕ್ಕೆ ಕೂರದಿದ್ದರೆ ‘ಅಯ್ಯ’ ಎಂದೋ ‘ತಾಯಿ’ ಎಂದೋ ಎಳೆದು ಕೂರಿಸುತ್ತಿದ್ದೆ. ಜೀವನಪೂರ್ತಿ ಪಕ್ಕದವನ ಬದು ಒತ್ತಿಕೊಂಡೇ ಬದುಕಿದ ಒಬ್ಬ ಯಜಮಾನನ ತಿಥಿಯಲ್ಲಿ ‘ಧರ್ಮದ ದಾರಿಯ ಬಿಡದವನೇ’ ಎಂದು ಹಾಡಿದಾಗ, ಆ ಪಕ್ಕದ ಹೊಲದವನು ಎಲೆ ಅಡಿಕೆ ಉಗಿಯುವ ನೆಪದಲ್ಲಿ ಎದ್ದು ಹೋದ. ನನಗೆ ನಾಚಿಕೆಯಾಗಲಿಲ್ಲ. ಅವನಿಗೆ ಸಂಗೀತದ ರುಚಿ ಇಲ್ಲ ಎಂದುಕೊಂಡೆ.

ಇಂಥವನ ಕೈಗೆ ಗುಜರಾತಿನ ಭೂಕಂಪ ಸಿಕ್ಕಿತು.

ಎರಡು ಸಾವಿರದ ಒಂದನೇ ಇಸವಿ, ಜನವರಿ ಇಪ್ಪತ್ತಾರು. ಇಲ್ಲಿ ಸ್ಕೂಲುಗಳಲ್ಲಿ ಬಾವುಟ ಹಾರಿಸಿ ಮಕ್ಕಳಿಗೆ ಸಿಹಿ ಹಂಚುವ ಹೊತ್ತಿಗೆ ಅಲ್ಲಿ ಊರಿಗೆ ಊರೇ ಬಿದ್ದಿತ್ತು. ನಮ್ಮ ಸೀಮೆಯ ಕೊಬ್ಬರಿ ಲಾರಿ ಹತ್ತಿ ಉತ್ತರದ ಕಡೆ ಹೋಗುವುದು ಎಲ್ಲರಿಗೂ ಗೊತ್ತಿರುವುದೇ. ಅಂಥ ಒಂದು ಲಾರಿ ಆ ದಿನ ಕಚ್ಛದ ಕಡೆಯ ಒಂದು ಪಟ್ಟಣದಲ್ಲಿತ್ತು. ಅದಕ್ಕೆ ಇಬ್ಬರು ಡ್ರೈವರುಗಳು. ಒಬ್ಬ ತಿಪಟೂರಿನ ಸಾಬರ ಬೀದಿಯವನು, ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಇನ್ನೊಬ್ಬ ನಮ್ಮ ಪಕ್ಕದ ಹಳ್ಳಿಯವನು, ಗೌಡರ ಪೈಕಿ. ಇಬ್ಬರೂ ಬಹಳ ವರ್ಷ ಒಂದೇ ಲಾರಿಯಲ್ಲಿ ಸರದಿ ಮೇಲೆ ಓಡಿಸಿದವರು. ಸಾಬರವನು ಅಲ್ಲೇ ಗೋಡೆಯಡಿ ಸತ್ತ. ಗೌಡರವನು ವಾಪಸು ಬಂದ.

ಕೊಬ್ಬರಿ ವ್ಯಾಪಾರಸ್ಥರು, ಲಾರಿ ಮಾಲೀಕರು ಸೇರಿ ತಿಪಟೂರಿನಲ್ಲಿ ಸಂತಾಪ ಸಭೆ ಇಟ್ಟರು. ಮೈಕು ನನ್ನದು. ಜೊತೆಗೆ ಸತ್ತ ಡ್ರೈವರ್ ಮೇಲೆ ಒಂದು ಹಾಡು ಕಟ್ಟಿ ಎಂದು ಫೋನು ಮಾಡಿದರು. ಹೆಸರು ಹೇಳಿದರು, ಬೀದಿ ಹೇಳಿದರು. ಆ ಬೀದಿಗೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಹೋಗಿ ಆ ಮನುಷ್ಯ ಹೇಗಿದ್ದ ಎಂದು ಕೇಳೋಣ ಅನ್ನುವ ಯೋಚನೆಯೇ ಬರಲಿಲ್ಲ. ಅಪಘಾತದ ಅಚ್ಚು ಹೇಗೂ ಇತ್ತು. ಆದರೆ ದೇಶಕ್ಕೆ ದೇಶವೇ ಅಳುತ್ತಿರುವಾಗ ಆ ಹಳೇ ಅಚ್ಚು ಸಣ್ಣದೆನ್ನಿಸಿತು. ಗಣರಾಜ್ಯೋತ್ಸವದ ದಿನ ಸತ್ತವನಿಗೆ ಬಾವುಟ ಬೇಡವೇ? ಬಾವುಟ ಬಂದರೆ ಅದನ್ನು ಹಿಡಿಯಲು ಒಂದು ಮಗು ಬೇಕಾಯಿತು. ಮಗು ಬಂದ ಮೇಲೆ ಅದನ್ನು ಉಳಿಸದೆ ಬಿಡುವುದು ಹೇಗೆ?

ಬೀಳುವ ಗೋಡೆಗೆ ಬೆನ್ನನು ಕೊಟ್ಟ,
ಬಾವುಟದ ಕಂದನ ಎದೆಗಪ್ಪಿಬಿಟ್ಟ.
ತಾಯೇ ಎಂದನು, ಕಣ್ಣನು ತೆರೆದೇ
ತಾಯಿಯ ಪಾದಕೆ ಹೂವಾಗಿಬಿಟ್ಟ.

‘ಕೊಟ್ಟ’ ಎಂದು ಬರೆದ ಮೇಲೆ ‘ಬಿಟ್ಟ’ ಬರಲೇಬೇಕಲ್ಲ, ಬಂತು. ಒಬ್ಬ ಮನುಷ್ಯ ಹೇಗೆ ಸತ್ತ ಎನ್ನುವುದನ್ನು ನಾನು ತೀರ್ಮಾನಿಸಿದ್ದು ಹೀಗೆ. ಹಳೇ ಅಚ್ಚಿನ ಕೊನೆಯಲ್ಲಿ ‘ಶಿವನ ಪಾದಕೆ’ ಎಂದಿತ್ತು. ಸಾಬರವನಿಗೆ ಅದು ಹೊಂದುವುದಿಲ್ಲವೆಂದು ‘ತಾಯಿಯ ಪಾದಕೆ’ ಮಾಡಿದೆ, ಭಾರತಮಾತೆ ಎನ್ನುವ ಅರ್ಥದಲ್ಲಿ. ಎಂಥಾ ವಿಶಾಲ ಮನಸ್ಸು ನನ್ನದು ಎಂದು ನಾನೇ ಬೆರಗಾದೆ.

ಸಭೆಯಲ್ಲಿ ಕರ್ಚೀಫು ತೆಗೆಯದವರೇ ಇರಲಿಲ್ಲ. ಒಬ್ಬರು ಭಾಷಣ ಮಾಡಿ, ಜಾತಿ ಧರ್ಮ ಮೀರಿದ ಕಂದ ಇವನು, ನಮ್ಮ ಮನೆಮಗ ಎಂದರು. ಮನೆಮಗ ಬದುಕಿದ್ದಾಗ ಅವರ ಬೀದಿಯಲ್ಲಿ ಬಾಡಿಗೆಗೆ ಮನೆ ಕೇಳಿದಾಗ, ಈ ಭಾಷಣದವರೇ ಇಲ್ಲ ಅಂದಿದ್ದರು ಎಂದು ಆಮೇಲೆ ತಿಳಿಯಿತು. ಅವರನ್ನು ಆಡಿಕೊಳ್ಳಲು ನನಗೇನು ಯೋಗ್ಯತೆ. ಅವರ ಭಾಷಣಕ್ಕೆ ಬಂಡವಾಳ ನನ್ನ ಹಾಡು. ಆ ಮಗು ಯಾರದು, ಈಗ ಎಲ್ಲಿದೆ ಎಂದು ಆ ಜನರಲ್ಲಿ ಒಬ್ಬರೂ ಕೇಳಲಿಲ್ಲ. ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಕೊಳ್ಳದ ಜನ, ಹಾಡನ್ನು ಹಾಗೇ ಕೊಂಡರು.

ಕೆಲವು ದಿನ ಕಳೆದು ಗೌಡರ ಡ್ರೈವರ್ ನನ್ನ ಅಂಗಡಿಗೆ ಬಂದ. ಗಡ್ಡ ಬಿಟ್ಟಿದ್ದ. ಮೆಟ್ಟಿಲ ಮೇಲೇ ನಿಂತ.

“ಕವಿಗಳೇ, ಒಸಿ ಹಾಡು ತಿದ್ದಬೇಕಿತ್ತಲ್ಲ.”

“ಏನಪ್ಪ ತಿದ್ದೋದು?”

“ಅಲ್ಲಿ ಮಗು ಇರ್ನಿಲ್ಲ ಕಣ್ರೀ. ಗೋಡೆಗೆ ಯಾರೂ ಬೆನ್ನು ಕೊಡ್ಲಿಲ್ಲ. ಅವ್ನು ಮಲಗಿದ್ದ.”

ಅವನು ಹೇಳಿದ್ದಿಷ್ಟು. ಅವರಿಬ್ಬರಲ್ಲಿ ಒಂದು ಪದ್ಧತಿ ಇತ್ತು. ಊರು ಮುಟ್ಟುವ ಕೊನೇ ಸರದಿ ಯಾರು ಓಡಿಸುತ್ತಾರೋ ಅವರಿಗೆ ಗೋಡೌನಿನ ರೂಮಿನ ಮಂಚ, ಇನ್ನೊಬ್ಬರು ಲಾರಿ ಕಾಯಬೇಕು. ಆ ದಿನ ಕೊನೇ ಸರದಿ ಸಾಬರವನದು. ಲಾರಿ ನಿಲ್ಲಿಸಿ ಒಳಗೆ ಹೋಗಿ ಮಲಗಿದ. ಬೆಳಗಾದ ಮೇಲೆ ಇವನು ಮುಖ ತೊಳೆಯಲು ಟವೆಲ್ ತರೋಣವೆಂದು ರೂಮಿಗೆ ಹೋಗಿ ಅವನ ಕಾಲು ಅಲ್ಲಾಡಿಸಿದ.

“‘ಎದ್ದೇಳ್ಲಾ, ಟೀ ಕುಡ್ದು ಬರಾಣ’ ಅಂದೆ. ‘ಬುಡ್ಲಾ, ಒಸಿ ಮಲಗ್ತೀನಿ’ ಅಂತ ಗೋಡೆ ಕಡೆ ತಿರಿಕ್ಕಂಡ. ನಾನು ಟವೆಲ್ ತಗಂಡು ಆಚಿಗ್ ಬಂದೆ. ನಲ್ಲಿ ತಿರುವ್ತಿದ್ದೆ ಅಷ್ಟೇಯ. ನೆಲ ಎದ್ದು ಕುಂತಂಗಾಯ್ತು. ತಿರುಗಿ ನೋಡಿದ್ರೆ ರೂಮೇ ಇಲ್ಲ.”

ಗಡ್ಡ ಕೆರೆದುಕೊಳ್ಳುತ್ತಾ, “ಇನ್ನೊಂದ್ ಸಲ ಎಬ್ಬಿಸ್ಬೋದಿತ್ತು. ಎಬ್ಬಿಸ್ಲಿಲ್ಲ. ಅದನ್ನೂ ಅವ್ನ ಹೆಂಡ್ತಿ ಆವಮ್ಮಂಗೆ ಹೇಳಿದೀನಿ,” ಎಂದ.

ಇದಕ್ಕೆ ನಾನು ಕೊಟ್ಟ ಉತ್ತರವನ್ನು ಬರೆಯಲು ಈಗ ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ.

“ಹಾಡಿಗೆ ನಿದ್ದೆ ಹೊಂದಲ್ಲಪ್ಪ,” ಎಂದೆ.

“ಯಾಕೆ, ತಾವು ನಿದ್ದೆ ಮಾಡಲ್ವರಾ?”

“ನಿನಗೆ ಅರ್ಥ ಆಗಲ್ಲ. ನಿನ್ನ ಸ್ನೇಹಿತನಿಗೆ ಎಂಥಾ ಹೆಸರು ಬಂದಿದೆ ನೋಡು. ಖುಷಿ ಪಡೋದು ಬಿಟ್ಟು...”

“ಅವ್ನಿಗೆ ಹೆಸರು ಬಂತು, ಸರಿ. ನನ್ನ ಗತಿ ಏನು? ಟೀ ಅಂಗ್ಡಿಗೆ ಹೋದ್ರೆ ‘ಅವ್ನು ಗೋಡೆಗೆ ಬೆನ್ನು ಕೊಟ್ಟ, ನೀನು ಏನ್ ಕೊಟ್ಯಲಾ?’ ಅಂತಾರೆ. ‘ಲಾರಿ ಕೆಳಿಕ್ಕೆ ತೂರ್ಕಂಡಿದ್ನಂತೆ’ ಅಂತಾರೆ. ನಮ್ಮ ಮಾವನೇ ಕೇಳ್ದ ಕಣ್ರೀ, ಆ ಸಾಬಿಗಿರೋ ಧೈರ್ಯ ನಿಂಗಿರ್ನಿಲ್ವಾ ಅಂತ.”

ಒಂದು ಹಾಡಿನಲ್ಲಿ ವೀರನನ್ನು ಮಾಡಿ ಕೂರಿಸಿದರೆ, ಅವನ ಪಕ್ಕದಲ್ಲಿ ಬದುಕಿ ಉಳಿದವನು ಹೇಡಿಯಾಗುತ್ತಾನೆ. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆದಿರಲಿಲ್ಲ. ಅವನು ಬಾಯಿ ಬಿಟ್ಟು ಹೇಳಿದ ಮೇಲೂ ನಾನು ಗಡಿಯಾರ ನೋಡಿದೆ. ಆ ವಾರವೇ ಹಾಡನ್ನು ಕ್ಯಾಸೆಟ್ಟಿಗೆ ಹಾಕಿಸುವ ಏರ್ಪಾಡಾಗಿತ್ತು. “ಆಮೇಲೆ ನೋಡೋಣ ಬುಡು,” ಎಂದು ಕಳಿಸಿದೆ. ಕ್ಯಾಸೆಟ್ ಬಂತು. ಕ್ರಾಸಿನಲ್ಲಿ ಬಸ್ಸು ನಿಂತಾಗೆಲ್ಲ ಎಳನೀರಿನ ಅಂಗಡಿಯಿಂದ ನನ್ನ ದನಿಯೇ ಕೇಳುತ್ತಿತ್ತು. ಅವನು ಲಾರಿ ಬಿಟ್ಟು, ಚಿಕ್ಕನಾಯಕನಹಳ್ಳಿ ಕಡೆ ಗುಡ್ಡದ ಬುಡದಲ್ಲಿ ಅಕ್ಕನ ಊರಿಗೆ ಕುರಿ ಕಾಯಲು ಹೋದನೆಂದು ಯಾರೋ ಹೇಳಿದರು. ನಾನು ಹೂಂ ಎಂದೆ.

ಅದೇ ಆಗಸ್ಟ್ ಹದಿನೈದಕ್ಕೆ ಒಂದು ಹೈಸ್ಕೂಲಿನಲ್ಲಿ ಸತ್ತವನ ಹೆಂಡತಿ, ಆ ಹೆಣ್ಣುಮಗಳನ್ನು ಕರೆಸಿದ್ದರು. ಆ ವರ್ಷ ಎಲ್ಲ ಕಡೆಯೂ ಅವಳನ್ನು ಕರೆಸುತ್ತಿದ್ದರು. ವೇದಿಕೆಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಶಾಲು, ಹಣ್ಣಿನ ಬುಟ್ಟಿ. ಮಕ್ಕಳು ನನ್ನ ಹಾಡಿಗೆ ಡ್ಯಾನ್ಸು ಮಾಡಿದರು. ಇಟ್ಟಿಗೆಯ ಬಣ್ಣ ಬಳಿದ ಥರ್ಮೋಕೋಲಿನ ಗೋಡೆಯನ್ನು ಇಬ್ಬರು ಹುಡುಗರು ಹಿಂದಿನಿಂದ ನೂಕಿದರು. ಹೆಂಡತಿಯ ಎದುರಿಗೆ ಗಂಡನ ಮೇಲೆ ಗೋಡೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಗೋಡೆ ಸರಿಯಾಗಿ ಬೀಳಲಿಲ್ಲವೆಂದು ಡ್ರಿಲ್ ಮಾಸ್ತರು ಇನ್ನೊಂದು ಸಲ ಬೀಳಿಸಿದರು.

ಕಾರ್ಯಕ್ರಮ ಮುಗಿದು ನಾನು ವೈರು ಸುತ್ತುತ್ತಿದ್ದಾಗ ಅವಳು ಹತ್ತಿರ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಆ ಬುಟ್ಟಿ.

“ಅಣ್ಣಾ, ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ನಮ್ಮ ಮನೆಯವರು ಎದ್ದಿದ್ರಾ?”

ನನಗೆ ಅರ್ಥವಾಗಲಿಲ್ಲ.

“ಅವರ ಜೊತೆ ಡ್ರೈವರ್ ಅಣ್ಣ, ಅವರು ನಿದ್ದೇಲೇ ಹೋದರು ಅಂದಿದ್ರು. ಗೊತ್ತೇ ಆಗಿಲ್ಲ ಅವರಿಗೆ ಅಂದಿದ್ರು. ನಾನು ಅದನ್ನೇ ಹಿಡ್ಕೊಂಡು ಇದ್ದೆ ಅಣ್ಣಾ. ನಿಮ್ಮ ಹಾಡಲ್ಲಿ ಕಣ್ಣು ತೆರೆದೇ ಅಂತ ಬರುತ್ತೆ. ಅಮ್ಮಾ ಅಂತ ಕೂಗಿದ್ರು ಅಂತ ಬರುತ್ತೆ. ನನಗೆ ಸಮಾಧಾನ ಆಗಲಿ ಅಂತ ಆ ಅಣ್ಣ ಸುಳ್ಳು ಹೇಳಿದ್ರಾ? ನಿಮಗೆ ಯಾರು ಹೇಳಿದ್ದು?”

ಹತ್ತಿರದಲ್ಲಿ ಹೆಡ್‌ಮಾಸ್ತರರಿದ್ದರು, ಇನ್ನೂ ಕೆಲವರು ದೊಡ್ಡ ಮನುಷ್ಯರಿದ್ದರು. ಯಾರೂ ಹೇಳಿಲ್ಲ, ನಾನೇ ಕಟ್ಟಿದೆ ಎನ್ನಲು ಒಂದು ಉಸಿರು ಸಾಕಿತ್ತು.

“ನಂಬಿಕಸ್ಥರೇ ಹೇಳಿದ್ದಮ್ಮಾ. ಹೆಮ್ಮೆ ಪಡಬೇಕು ನೀವು,” ಎಂದೆ.

ಅವಳು ಬುಟ್ಟಿಯನ್ನು ಅಲ್ಲೇ ಕುರ್ಚಿಯ ಮೇಲಿಟ್ಟು ಹೋದಳು. ಭಾವುಕಳಾದಳು ಎಂದುಕೊಂಡೆ. ಹಣ್ಣು ಮನೆಗೆ ತಂದೆ. ತಿಂದೆವು.

ಆಮೇಲೆ ಒಂದೆರಡು ವರ್ಷಕ್ಕೆ ನನ್ನ ಹೆಂಡತಿ ತೀರಿಕೊಂಡಳು. ಅವಳ ಸ್ವಭಾವ ಊರಿಗೆಲ್ಲ ಗೊತ್ತಿತ್ತು. ಬಾಯಿ ತೆಗೆದರೆ ಬೀದಿಯ ಕೊನೆಯ ನಾಯಿ ಎದ್ದು ಹೋಗುತ್ತಿತ್ತು. ನನ್ನ ಶಾಲು ಕಂಡರೆ, “ಏನ್ರೀ ಅದು, ಹೆಣದ ಮೇಲಿಂದ ಎತ್ಕಂಡ್ ಬಂದ್ರಾ?” ಎನ್ನುತ್ತಿದ್ದಳು. ಕೋಪ ಬಂದ ದಿನವೇ ಸಾರು ಬಹಳ ಚೆನ್ನಾಗಿ ಮಾಡುತ್ತಿದ್ದಳು. ಅವಳ ತಿಥಿಯ ದಿನ ನನ್ನ ಮೇಳದವರೇ ಕೂತರು. ನನಗೆ ಹಾಡಲಾಗದೆಂದು ಬೇರೊಬ್ಬ ಹಾಡಿದ. ಹಾಡಿದ್ದು ನನ್ನದೇ ಮುತ್ತೈದೆಯ ಅಚ್ಚು, ಹೆಸರಿನ ಜಾಗಕ್ಕೆ ಅವಳ ಹೆಸರು.

‘ಕೋಪವನರಿಯದ ತಣ್ಣನೆ ತಾಯೇ’ ಎಂಬ ಸಾಲು ಬಂದಾಗ ನನ್ನ ನಾದಿನಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಪಕ್ಕದವಳೂ ನಕ್ಕಳು. ನಾನು ಆ ಹಾಡಿನಲ್ಲೆಲ್ಲ ಹುಡುಕಿದೆ, ನನ್ನ ಹೆಂಡತಿ ಎಲ್ಲಿಯೂ ಸಿಗಲಿಲ್ಲ. ಯಾವಳೋ ತಣ್ಣಗಿನ ಹೆಂಗಸನ್ನು ತಂದು ನನ್ನ ಮನೆಯ ನಡುಮನೆಯಲ್ಲಿ ಕೂರಿಸಿ ಹೂವು ಹಾಕಿದ್ದರು. ನನ್ನವಳು ಎಲ್ಲಿ ಎಂದು ಕೂಗಬೇಕೆನ್ನಿಸಿತು. ಆಗ ಆ ಹೈಸ್ಕೂಲಿನ ಅಂಗಳ, ‘ಅವರು ಎದ್ದಿದ್ರಾ’ ಎಂದ ಆ ದನಿ ಕಿವಿಗೆ ಬಂತು. ನನ್ನ ಹೆಂಡತಿಯನ್ನು ಆ ಹಾಡು ಬರೀ ಕಳೆದುಹಾಕಿತ್ತು. ಆ ಹೆಣ್ಣುಮಗಳ ಗಂಡನನ್ನಾದರೋ ನಾನು ನಿದ್ದೆಯಿಂದ ಎಬ್ಬಿಸಿ, ಗೋಡೆ ಬೀಳುವುದನ್ನು ನೋಡಲು ಹೇಳಿ, ಆಮೇಲೆ ಕೊಂದಿದ್ದೆ. ಕೊಂದದ್ದಕ್ಕೆ ಅವಳೆದುರೇ ಚಪ್ಪಾಳೆ ತಟ್ಟಿಸಿಕೊಂಡಿದ್ದೆ.

ಆ ತಿಂಗಳು ಕಳೆದು ಅವಳ ಮನೆ ಹುಡುಕಿಕೊಂಡು ಹೋದೆ. ಶಾಲಿಲ್ಲದೆ ಹೋದದ್ದು ಬಹಳ ವರ್ಷಕ್ಕೆ ಅದೇ ಮೊದಲು. ಹೊಲಿಗೆ ಮೆಷಿನ್ ಬಾಗಿಲ ಬಳಿಯೇ ಇತ್ತು. ಪೆಡಲು ನಿಲ್ಲಿಸಿದಳು, ಕೂರಿ ಎನ್ನಲಿಲ್ಲ.

“ಅಮ್ಮಾ, ನನಗೆ ಯಾರೂ ಹೇಳಿರಲಿಲ್ಲ. ಕಣ್ಣು ತೆರೆದದ್ದು, ಕೂಗಿದ್ದು, ಮಗು, ಎಲ್ಲ ನಾನೇ ಕಟ್ಟಿದ್ದು. ಅವತ್ತು ನಿಮಗೆ ಹೇಳಿದ್ದೂ ಸುಳ್ಳು.”

ಸೂಜಿಯ ಕೆಳಗಿನ ಬಟ್ಟೆಯನ್ನು ಈಚೆಗೆಳೆದು ಕೇಳಿದಳು. “ಹಾಗಾದ್ರೆ ನಿದ್ದೇಲಿದ್ರಾ?”

“ಅದು ನನಗೆ ಗೊತ್ತಿಲ್ಲಮ್ಮಾ. ಗೊತ್ತಿರೋನು ಅವನೊಬ್ಬನೇ.”

“ನೀವು ಹಂಗಂದ ಮೇಲೆ ಆ ಅಣ್ಣ ಬಂದಾಗ ನಾನು ಬಾಗಿಲು ಹಾಕಿದೆ,” ಎಂದಳು. “ಹಬ್ಬಕ್ಕೆ ತೆಂಗಿನಕಾಯಿ ತಗೊಂಡು ಬಂದಿದ್ರು. ಸುಳ್ಳು ಹೇಳೋರ ಕಾಯಿ ಬೇಡ ಅಂದೆ. ಇಂಥ ಮಾತಲ್ಲಿ ಸುಳ್ಳು ಹೇಳ್ತಾರಾ ಯಾರಾದ್ರೂ ಅಂತ ಬೈದೆ. ಆ ಬೈಗುಳ ನಿಮಗೆ ಸೇರಬೇಕಾಗಿತ್ತು.”

“ಈಗ ಬೈಯಿರಿ ತಾಯೀ.”

“ನಿಮ್ಮನ್ನ ಬೈದು ನನಗೇನು ಬರುತ್ತೆ?” ಮತ್ತೆ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು. “ಈ ನಿಜಾನ ನನ್ನ ಕಿವೀಲಿ ಮೆಲ್ಲಗೆ ಹೇಳಿದ್ರಿ. ಆ ಸುಳ್ಳನ್ನ ಮೆಲ್ಲಗೆ ಹೇಳಿದ್ರಾ? ಮೈಕಲ್ಲಿ ಹೇಳಿದ್ದು ಮೈಕಲ್ಲೇ ಹೇಳಿ. ಆ ಅಣ್ಣಂಗೆ ಕೇಳೋ ಹಂಗೆ ಹೇಳಿ.”

ಒಂದು ಹೊಸ ಹಾಡು, ನಿಜವಾದದ್ದು, ಬರೆದು ತರಲೇ ಎಂದೆ. ನನ್ನ ಬುದ್ಧಿ ಇನ್ನೂ ಅಲ್ಲೇ ಇತ್ತು ನೋಡಿ.

“ಹಾಡು ಬೇಡ,” ಎಂದಳು.

ಗುಡ್ಡದ ಬುಡಕ್ಕೂ ಹೋದೆ. ಅವನು ಕುರಿಗಳ ನಡುವೆ ಬಂಡೆಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಏಳಲಿಲ್ಲ.

“ಬಂದ್ರಾ ಕವಿಗಳು. ಕುರಿ ಮ್ಯಾಲೆ ಪದ ಕಟ್ತೀರಾ? ಒಂದು ಮರಿ ಸತ್ತದೆ ನೆನ್ನೆ. ಯಾರನ್ನೋ ಕಾಪಾಡಕ್ ಹೋಗಿ ಸತ್ತದೆ ಅಂತ ಬರ್ಕಳಿ.”

ಬಂದ ವಿಷಯ ಹೇಳಿದೆ. ಅವಳಿಗೆ ನಿಜ ಗೊತ್ತಾಗಿದೆ, ಒಂದು ಸಲ ಬಂದು ಹೋಗು ಎಂದೆ.

“ಬರಲ್ಲ ಕಣ್ರೀ. ಅವತ್ತು ಆವಮ್ಮ ಬಾಗಿಲು ಹಾಕ್ಕಂಡಾಗ ಬೀದಿಯೆಲ್ಲ ನೋಡ್ತು. ನೀವು ಒಬ್ರೇ ಬಂದು ನಂತಾವ ತಪ್ಪಾಯ್ತು ಅಂದ್ರೆ ನೋಡಕೆ ಕುರಿ ಅವೆ ಅಷ್ಟೇಯ.” ಕೋಲಿನಿಂದ ಒಂದು ಕುರಿಯನ್ನು ತಿರುಗಿಸಿ, “ಹೊಂಡಿ, ಬಸ್ಸು ತಪ್ಪಿಹೋಯ್ತದೆ,” ಎಂದ.

ಮುಂದಿನ ಜನವರಿ ಇಪ್ಪತ್ತಾರಕ್ಕೆ ಅದೇ ಹೈಸ್ಕೂಲಿನಲ್ಲಿ ಬಾವುಟವೂ ಆ ಮಹಾದುರಂತದ ನೆನಪೂ ಒಟ್ಟಿಗೆ ಇದ್ದವು. ಹಾಡು ನಾನೇ ಹಾಡಬೇಕೆಂದು ಕರೆದರು. ಮೊದಲ ನುಡಿಯಲ್ಲಿ ಅವನ ಊರು, ಲಾರಿ, ಕೊಬ್ಬರಿ ಬರುತ್ತದೆ. ಅಷ್ಟು ಹಾಡಿ ನಿಲ್ಲಿಸಿದೆ. ಹಾರ್ಮೋನಿಯಂನವನು ಮರೆತೆನೆಂದು ತಿಳಿದು ‘ಬೀಳುವ ಗೋಡೆಗೆ’ ಎಂದು ಎತ್ತಿಕೊಟ್ಟ.

“ಇಲ್ಲಿಂದ ಮುಂದಕ್ಕೆ ಸುಳ್ಳು,” ಎಂದೆ ಮೈಕಿನಲ್ಲಿ. “ಅಲ್ಲಿ ಮಗು ಇರಲಿಲ್ಲ. ಅವರು ಸುಸ್ತಾಗಿ ಮಲಗಿದ್ದರು ಅಂತ ಅವರ ಜೊತೆಗಾರ ಮೊದಲೇ ಹೇಳಿದ್ದ. ಗೋಡೆಗೆ ಬೆನ್ನು ಕೊಟ್ಟದ್ದು ನನ್ನ ಕಲ್ಪನೆ. ಆ ಜೊತೆಗಾರ ಹೇಡಿ ಅಲ್ಲ. ಅವನು ಮುಖ ತೊಳೆಯಲು ಹೋಗಿದ್ದ. ನೀವೂ ನಾನೂ ದಿನಾ ಬೆಳಿಗ್ಗೆ ಹೋಗ್ತೀವಲ್ಲ, ಹಾಗೆ.”

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬ, “ಏನ್ ಕವಿಗಳೇ, ಕುಡ್ದಿದ್ದೀರಾ?” ಎಂದು ಕೂಗಿದ. ಸಭೆಯ ಯಜಮಾನರು, “ಹುತಾತ್ಮರಿಗೆ ಅವಮಾನ ಮಾಡ್ತೀಯೇನಯ್ಯಾ?” ಎಂದು ಎದ್ದರು. ನಾನು ಇನ್ನೊಂದು ಮಾತು ಆರಂಭಿಸಿದೆ. ಯಾರೋ ವೈರು ಕಿತ್ತರು. ನನ್ನದೇ ಮೈಕು, ನನ್ನದೇ ವೈರು. ಡ್ರಿಲ್ ಮಾಸ್ತರು ಟೇಪ್ ರೆಕಾರ್ಡರ್ ಹಾಕಿದರು. ನಾನು ಮೆಟ್ಟಿಲಿಳಿಯುತ್ತಿದ್ದ ಹಾಗೆ ನನ್ನ ಹಳೇ ದನಿ ‘ಕಣ್ಣನು ತೆರೆದೇ’ ಎಂದು ಎಳೆಯತೊಡಗಿತು. ಥರ್ಮೋಕೋಲಿನ ಗೋಡೆ ಬಿತ್ತು, ಚಪ್ಪಾಳೆ ಬಂತು. ಈ ವರ್ಷವೂ ಎಲ್ಲೋ ಆ ಹಾಡಿಗೆ ಬಹುಮಾನ ಬಂದಿದೆಯಂತೆ. ಒಂದು ಸುಳ್ಳನ್ನು ನಮ್ಮ ಜನ ಇಷ್ಟು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆಂದು ಮೊದಲೇ ಗೊತ್ತಿದ್ದರೆ, ಬರೆಯುವಾಗ ಸ್ವಲ್ಪ ಕಡಿಮೆ ಚೆನ್ನಾಗಿ ಬರೆಯುತ್ತಿದ್ದೆ.

ಆದರೆ ಮಾತು ಬಸ್ಸು ಹತ್ತಿತು. ಕಿಬ್ಬನಹಳ್ಳಿ ಕ್ರಾಸಿನ ಕವಿಗೆ ತಲೆ ಕೆಟ್ಟಿದೆ, ತಾನೇ ಬರೆದದ್ದು ಸುಳ್ಳು ಅಂತಾನೆ, ಮೈಕು ಕಿತ್ಕೊಂಡು ಓಡಿಸಿದರು ಎಂದು ಜನ ನಗುತ್ತಾ ಸಾಗಿಸಿದ ಸುದ್ದಿ ಗುಡ್ಡದ ಬುಡಕ್ಕೂ ಮುಟ್ಟಿತು. ಕೆಲವು ದಿನಕ್ಕೆ ಅವನು ನನ್ನ ಅಂಗಡಿಯ ಮುಂದೆ ಬಸ್ಸಿಳಿದ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಕಾಯಿ.

“ಓಡಿಸ್ಬುಟ್ರಂತೆ?”

“ಹೂಂ.”

“ಒಳ್ಳೇದಾಯ್ತು,” ಎಂದು ಮೊದಲ ಸಲ ನಕ್ಕ. “ನಡೀರಿ, ಮನೆ ತೋರ್ಸಿ. ನಂಗೆ ಗೊತ್ತದೆ. ಆದ್ರೂ ನೀವು ಮುಂದ್ಗಡೆ ಹೋಗ್ರಿ, ಬಾಗಿಲು ಹಾಕಿದ್ರೆ ನಿಮ್ಮ ಮಕಕ್ಕೆ ಹಾಕ್ಲಿ.”

ಅವಳು ಬಾಗಿಲು ಹಾಕಲಿಲ್ಲ. ಅವನಿಗೆ ಚಾಪೆ ಹಾಸಿದಳು. ನಾನು ಹೊರಗೆ ಜಗುಲಿಯಂಚಿನಲ್ಲಿ ನಿಂತೆ. ನನ್ನನ್ನು ಕರೆಯಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಅವನು ಎಲ್ಲವನ್ನೂ ಮೊದಲಿನಿಂದ ಹೇಳಿದ. ಸರದಿ, ಮಂಚ, ಟವೆಲ್, ಕಾಲು ಅಲ್ಲಾಡಿಸಿದ್ದು. ಅವಳು ಮಧ್ಯೆ ಮಧ್ಯೆ ಕೇಳುತ್ತಿದ್ದಳು. ಶರ್ಟು ಬಿಚ್ಚಿದ್ರಾ? ಬಿಚ್ಚಿ ಮಡಿಸಿ ತಲೆ ಕೆಳಗೆ ಇಟ್ಕಂಡಿದ್ದ. ಊಟ ಮಾಡಿದ್ರಾ? ದಾರೀಲಿ ರೊಟ್ಟಿ ತಿಂದಿದ್ವಿ, ನನ್ನ ಪಾಲಿಂದೂ ಅವ್ನೇ ತಿಂದ.

“ಗೊರಕೆ ಹೊಡೀತಿದ್ರಾ?”

“ಗೊರಕೆನಾ? ಫಸ್ಟ್ ಗೇರಲ್ಲಿ ದಿಬ್ಬ ಹತ್ತೋ ಲಾರಿ ಕಣಮ್ಮ. ಆಚೆ ನಲ್ಲಿ ತಾವ್ಕೂ ಕೇಳ್ತಿತ್ತು.”

ಅವಳು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಲ್ಲಿ ತಿರುಗಿಸೋವಾಗಲೂ ಕೇಳ್ತಿತ್ತಾ?”

“ಕೇಳ್ತಿತ್ತು ತಾಯಿ. ಆ ಗಳಿಗೇವರ್ಗೂ ಕೇಳ್ತಾನೇ ಇತ್ತು.”

“ಇನ್ನೊಂದು ಸಲ ಹೇಳಿ ಅಣ್ಣಾ,” ಎಂದಳು.

ಅವನು ಮತ್ತೆ ಶುರು ಮಾಡಿದ. ನಾನು ಬಸ್ ಸ್ಟ್ಯಾಂಡಿನ ಕಡೆ ಹೊರಟೆ.